ಶರಣರ ಅನುಭಾವವನ್ನು ಶೋಧಿಸಿದ ಬೋಧಕರು: ರೆವರೆಂಡ್ ಉತ್ತಂಗಿ ಚನ್ನಪ್ಪನವರ ಚರಿತ್ರೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಈ ನಾಲ್ಕು ಸೀಮೆಗಳ ಹಳ್ಳಿಗಳಲ್ಲಿ ವಾಸವಾಗಿರುವ ಸಭೆಯವರಿಗೆ ಒಂದು ಪ್ರಶ್ನೆಯು ಆಗಾಗ್ಗೆ ಎದುರಾಗುವದುಂಟು. ಹೊಲದ ಕೆಲಸ ತೀರಿದ ಮೇಲೆ ಮಠದ ಕಟ್ಟೆಯಲ್ಲಿ ಏಕತಾರಿ ಹಿಡಿದು ಕೂತವರು ತತ್ವಪದಗಳನ್ನು ಹಾಡುತ್ತಾರೆ. ಶ್ರಾವಣಮಾಸದಲ್ಲಿ ಪುರಾಣ ಹಚ್ಚುತ್ತಾರೆ. ನೆರೆಮನೆಯ ಹಿರಿಯನು ಮಾತುಮಾತಿಗೆ ಸರ್ವಜ್ಞನ ಪದವೊಂದನ್ನು ನುಡಿಯುತ್ತಾನೆ. ನಮ್ಮ ಹಿರಿಯರು ಸಭೆಯನ್ನು ಸೇರುವ ಮುಂಚೆ ಇವೆಲ್ಲವೂ ಅವರ ಮನೆಯ ಮಾತೇ ಆಗಿದ್ದವು. ದೀಕ್ಷಾಸ್ನಾನ ಹೊಂದಿದವನು ಇವುಗಳಿಗೆ ಕಿವಿ ಮುಚ್ಚಿಕೊಳ್ಳಬೇಕೋ? ಇವುಗಳಲ್ಲಿಯೂ ಒಳ್ಳೆಯದುಂಟೆಂದು ಒಪ್ಪಿಕೊಂಡರೆ ತನ್ನ ನಂಬಿಕೆಗೆ ಎರಡು ಬಗೆದಂತಾಗುವದೋ? ಇವುಗಳ ಆಳಕ್ಕೆ ಇಳಿದವನು ತನ್ನ ಸಭೆಗೆ ತಿರುಗಿ ಬಾರದೆ ಹೋಗುವನೋ?

ಈ ಪ್ರಶ್ನೆಗೆ ತನ್ನ ಜೀವಮಾನವನ್ನೇ ಉತ್ತರವಾಗಿ ಕೊಟ್ಟ ಒಬ್ಬ ಕನ್ನಡ ಬೋಧಕರ ಚರಿತ್ರೆಯನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ. ಅವರು ರೆವರೆಂಡ್ ಚನ್ನಪ್ಪ ದಾನಿಯೇಲಪ್ಪ ಉತ್ತಂಗಿಯವರು. ಸರ್ವಜ್ಞನ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದವರೆಂದು ಅವರ ಹೆಸರು ಕನ್ನಡನಾಡಿನಲ್ಲೆಲ್ಲಾ ಪ್ರಸಿದ್ಧವಾಗಿದೆ. ಆದರೆ ಅವರು ಶಿವಶರಣರ ಅನುಭಾವವೆಂಬ ಗೂಢಮಾರ್ಗಕ್ಕೆ ಮನಸೋತವರೆಂಬದನ್ನೂ, ಹಾಗೆ ಮನಸೋತರೂ ತಮ್ಮ ಒಡೆಯನನ್ನು ಬಿಡಲಿಲ್ಲವೆಂಬದನ್ನೂ ಬಲ್ಲವರು ಕೊಂಚ.

೧. ಮನೆತನ ಮತ್ತು ಶಿಕ್ಷಣ

ಬಾಸೆಲ್ ಮಿಶನಿನ ಬೋಧಕರು ೧೮೩೪ರಲ್ಲಿ ಮಂಗಳೂರಿಗೂ, ೧೮೩೭ರಲ್ಲಿ ಧಾರವಾಡಕ್ಕೂ, ೧೮೩೯ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿದರು. ಧಾರವಾಡದಲ್ಲಿ ಸಭೆ ಹುಟ್ಟಿ ನಾಲ್ಕು ದಶಕಗಳು ಕಳೆದ ಮೇಲೆ, ೧೮೮೧ನೇ ಇಸವಿಯಲ್ಲಿ, ಅದೇ ಊರಲ್ಲಿ ಚನ್ನಪ್ಪನವರು ಹುಟ್ಟಿದರು. ಅವರ ಮನೆತನಕ್ಕೆ ಉತ್ತಂಗಿ ಎಂಬ ಹೆಸರು. ಉತ್ತಂಗಿಯೆಂಬ ಊರು ಹೂವಿನಹಡಗಲಿ ಸೀಮೆಯಲ್ಲಿ ಉಂಟು. ಆ ಸೀಮೆಯು ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕೊಪ್ಪಳದವರಿಗೆ ಅದು ತುಂಗಭದ್ರೆಯ ಆಚೆಯ ನೆರೆನಾಡು.

ಅವರ ಹೆಸರನ್ನು ಕೊಂಚ ಗಮನಿಸಬೇಕು. ತಂದೆಯ ಹೆಸರು ದಾನಿಯೇಲಪ್ಪ. ದಾನಿಯೇಲನು ಬಾಬೆಲಿನ ಸೆರೆಯಲ್ಲಿ ಪರದೇಶದ ವಿದ್ಯೆಯನ್ನೆಲ್ಲಾ ಕಲಿತರೂ ತನ್ನ ದೇವರನ್ನು ಬಿಡದಿದ್ದ ಪ್ರವಾದಿ. ಆ ಹೆಸರಿಗೆ ನಮ್ಮ ನಾಡಿನ ಅಪ್ಪ ಎಂಬ ಮಾತು ಸೇರಿ ದಾನಿಯೇಲಪ್ಪ ಎಂದಾಯಿತು. ಮಗನಿಗಾದರೋ ನೆರೆಹೊರೆಯ ಲಿಂಗವಂತರ ಮನೆಗಳಲ್ಲಿ ಬಳಕೆಯಾಗಿರುವ ಚನ್ನಪ್ಪ ಎಂಬ ಹೆಸರನ್ನೇ ಇಟ್ಟರು. ಸಭೆಯನ್ನು ಸೇರಿದವರು ನಾಡನ್ನೂ ನುಡಿಯನ್ನೂ ಬಿಟ್ಟು ಬಂದವರಲ್ಲವೆಂಬದಕ್ಕೆ ಈ ಎರಡು ಹೆಸರುಗಳೇ ಸಾಕ್ಷಿ.

ಧಾರವಾಡದಲ್ಲಿ ಶಾಲೆಯನ್ನು ಓದಿದ ತರುವಾಯ ಅವರು ಮಂಗಳೂರಿನ ಬಲ್ಮಠದ ಗುಡ್ಡದ ಮೇಲಿರುವ ದೇವಜ್ಞಾನ ಶಾಲೆಗೆ ಹೋಗಿ ಬೋಧಕರ ಶಿಕ್ಷಣವನ್ನು ಹೊಂದಿದರು. ಆ ಊರಲ್ಲಿಯೇ ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದ್ದರು; ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವುಗಳನ್ನು ಅಚ್ಚು ಮಾಡಿಸಿದ್ದರು. ಫೆರ್ಡಿನಂಡ್ ಕಿಟ್ಟೆಲರ ಮಹಾ ಶಬ್ದಕೋಶವು ೧೮೯೪ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದಲೇ ಹೊರಟಿತು. ಪರದೇಶದಿಂದ ಬಂದವರು ಕನ್ನಡಕ್ಕೆ ಇಷ್ಟು ದುಡಿದಿರುವಾಗ, ಕನ್ನಡ ತಾಯಿಯ ಮಡಿಲಲ್ಲಿ ಹುಟ್ಟಿದವರು ಸುಮ್ಮನಿರಬಹುದೋ ಎಂಬ ಪ್ರಶ್ನೆಯು ಅಲ್ಲಿ ಓದಿದ ತರುಣರ ಮುಂದೆ ತಾನಾಗಿ ನಿಲ್ಲುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲನೆಯ ದಶಕದಲ್ಲಿ ಚನ್ನಪ್ಪನವರು ಬಾಸೆಲ್ ಮಿಶನಿನ ಸೇವೆಗೆ ಸೇರಿ, ಉತ್ತರ ಕರ್ನಾಟಕದ ಸಭೆಗಳಲ್ಲಿ ಬೋಧಕರಾಗಿ ದುಡಿಯಲಾರಂಭಿಸಿದರು.

೨. ನಾಡಿನಲ್ಲಿದ್ದ ಗೂಢಮಾರ್ಗಗಳು

ಆ ಕಾಲದ ಬೋಧಕನು ಯಾವ ಹಳ್ಳಿಗೆ ಹೋದರೂ ಅಲ್ಲಿ ಸಿದ್ಧರ, ಅವಧೂತರ, ಆರೂಢರ ಮಾತು ಕೇಳದೆ ಇರುತ್ತಿರಲಿಲ್ಲ. ೧೮೮೯ರಲ್ಲಿ ತೀರಿಹೋದ ಶಿಶುನಾಳದ ಶರೀಫರ ಪದಗಳು ಜನರ ನಾಲಿಗೆಯ ಮೇಲಿದ್ದವು. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರು ಇನ್ನೂ ಬದುಕಿದ್ದರು. ಅವರು ೧೯೨೯ರಲ್ಲಿ ಕಾಲವಾದರು. ಇನ್ನು ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ಕಾಲಜ್ಞಾನದ ಓಲೆಯ ಕಟ್ಟುಗಳನ್ನು ಅಮರಗನ್ನಡವೆಂಬ ಗುಪ್ತಲಿಪಿಯಲ್ಲಿ ಬರೆದು ಕಾಪಾಡಿಕೊಂಡು ಬಂದಿದ್ದರು. ಸೇರಿದವರಿಗೆ ಮಾತ್ರ ತಿಳಿಯುವ ಮಾತು, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಮಾತ್ರ ಇಳಿಯುವ ಮಂತ್ರ, ಇಂಥವುಗಳಿಂದ ಈ ನಾಡು ತುಂಬಿತ್ತು.

ಮಿಶನಿನವರಿಗೂ ಇಂಥ ಗೂಢಮಾರ್ಗದವರ ಸಹವಾಸವು ಮೊದಲೇ ಆಗಿತ್ತು. ೧೮೪೦ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ ಒಂದು ಪಂಗಡದವರು ಹುಬ್ಬಳ್ಳಿಯ ಬೋಧಕರ ಬಳಿಗೆ ಬಂದು, ತಮ್ಮ ಗ್ರಂಥಗಳಲ್ಲಿ ಮುಂತಿಳಿಸಿದ್ದು ಇವರ ಬರುವಿಕೆಯಲ್ಲಿ ನೆರವೇರಿತೋ ಎಂದು ವಿಚಾರಿಸಿದರು. ಇದನ್ನು ಕೇಳಿ ಬೋಧಕರಲ್ಲಿ ದೊಡ್ಡ ನಿರೀಕ್ಷೆ ಹುಟ್ಟಿತು. ೧೮೪೧ರಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಒಕ್ಕಲುತನದ ಒಂದು ನೆಲೆಯನ್ನೂ ಹಾಕಿದರು. ಆದರೆ ಆ ನಿರೀಕ್ಷೆಯು ಕೈಗೂಡಲಿಲ್ಲ. ಗೂಢವಾದ ಒಂದು ಭವಿಷ್ಯವಾಕ್ಯವನ್ನು ನೆಚ್ಚಿ ಬಂದವರು, ಅದು ತಾವು ಎಣಿಸಿದಂತೆ ಆಗಲಿಲ್ಲವೆಂದು ಕಂಡಾಗ ಹಿಂದೆ ಸರಿಯುವದು ಸಹಜವೇ. ಇಂಥ ಅಸ್ತಿವಾರದ ಮೇಲೆ ಸಭೆಯಾಗಲಿ ಸ್ನೇಹವಾಗಲಿ ಬಹುಕಾಲ ನಿಲ್ಲದೆಂಬ ಪಾಠವನ್ನು ಆ ಸಂಗತಿಯು ಬಿಟ್ಟುಹೋಯಿತು.

ಬೋಧಕರಾದವರು ಗೂಢಮಾರ್ಗಗಳ ಕಡೆಗೆ ಎಳೆಯಲ್ಪಡುವದು ನಮ್ಮ ನಾಡಿನಲ್ಲಿ ಮಾತ್ರವೇ ಕಂಡದ್ದಲ್ಲ. ಬಾಸೆಲ್ ಮಿಶನಿನ ಅನೇಕ ಸೇವಕರ ತೌರೂರಾದ ವುರ್ಟೆಂಬೆರ್ಗ್ ಸೀಮೆಯಲ್ಲಿ ೧೭೦೨ರಿಂದ ೧೭೮೨ರ ವರೆಗೆ ಬಾಳಿದ ಫ್ರೀಡ್ರಿಖ್ ಕ್ರಿಸ್ಟೋಫ್ ಏಟಿಂಗರ್ ಎಂಬ ಸಭಾಪಾಲಕರು ಯೆಹೂದ್ಯರ ಕಬ್ಬಾಲಾ ಎಂಬ ಗುಪ್ತವಿದ್ಯೆಯನ್ನೂ, ಯಾಕೋಬ್ ಬೋಮೆ ಎಂಬ ಚಮ್ಮಾರ ಯೋಗಿಯ ಗ್ರಂಥಗಳನ್ನೂ, ಪರಲೋಕದವರೊಡನೆ ಮಾತಾಡಿದೆನೆಂದು ಹೇಳಿಕೊಂಡ ಸ್ವೀಡೆನ್‌ಬೋರ್ಗರ ಬರಹಗಳನ್ನೂ ಓದಿ ಅವುಗಳ ವಿಷಯದಲ್ಲಿ ಬರೆದರು. ೧೭೬೫ರಲ್ಲಿ ಸ್ವೀಡೆನ್‌ಬೋರ್ಗರ ಕುರಿತು ಅವರು ಬರೆದ ಪುಸ್ತಕವನ್ನು ಅಧಿಕಾರಿಗಳು ತಡೆದರು. ಆದಾಗ್ಯೂ ಅವರು ಸಾಯುವ ತನಕ ತಮ್ಮ ಸಭೆಯಲ್ಲಿಯೇ ಉಳಿದರು. ಇಂಗ್ಲೆಂಡಿನ ಚಾರ್ಲ್ಸ್ ಲೆಡ್‌ಬೀಟರ್ ಎಂಬ ಆಂಗ್ಲಿಕನ್ ಬೋಧಕರಾದರೋ ೧೮೮೩ರಲ್ಲಿ ಥಿಯಾಸಫಿ ಸಮಾಜವನ್ನು ಸೇರಿ, ಮರುವರುಷ ತಮ್ಮ ಸಭೆಯ ಉದ್ಯೋಗವನ್ನು ಬಿಟ್ಟು ಮದ್ರಾಸಿನ ಅಡಯಾರಿಗೆ ಬಂದರು. ಕಣ್ಣಿಗೆ ಕಾಣದ ಮಹಾತ್ಮರನ್ನು ತಾವು ಕಾಣುತ್ತೇವೆಂದು ಅವರು ಹೇಳಿದ್ದನ್ನು ಬೇರೆ ಯಾರೂ ಪರೀಕ್ಷಿಸಿ ನೋಡುವ ಹಾಗಿರಲಿಲ್ಲ. ನಂಬಬೇಕು, ಇಲ್ಲವೆ ಬಿಡಬೇಕು. ಗೂಢಮಾರ್ಗದ ಅಪಾಯವು ಇಲ್ಲಿಯೇ ಇದೆ. ತನಗೆ ಮಾತ್ರ ತಿಳಿದದ್ದೊಂದು ಉಂಟೆಂಬ ಎಣಿಕೆಯು ಮನುಷ್ಯನಲ್ಲಿ ಬಲುಬೇಗನೆ ಹೆಮ್ಮೆಯನ್ನು ಹುಟ್ಟಿಸುವದು.

ಉತ್ತಂಗಿಯವರು ಹಿಡಿದ ದಾರಿಯು ಬೇರೆ. ಅದು ಯಾವದೆಂದು ಮುಂದೆ ನೋಡೋಣ.

೩. ತಿರುಕನ ಪದಗಳು

ಅವರ ಮನಸ್ಸನ್ನು ಮೊದಲು ಸೆಳೆದವನು ಸರ್ವಜ್ಞ. ಈ ಕವಿಯು ಮಠವನ್ನು ಕಟ್ಟಲಿಲ್ಲ, ಶಿಷ್ಯರನ್ನು ಕೂಡಿಸಲಿಲ್ಲ. ಊರೂರು ತಿರಿದು ಉಣ್ಣುತ್ತಾ ಮೂರು ಸಾಲಿನ ತ್ರಿಪದಿಗಳನ್ನು ಹೇಳಿಕೊಂಡು ಹೋದನು. ಅವನು ಮಾಸೂರಿನ ಬಸವರಸನೆಂಬ ಬ್ರಾಹ್ಮಣನಿಗೂ ಅಂಬಲೂರಿನ ಮಾಳಿಯೆಂಬ ಕುಂಬಾರಗಿತ್ತಿಗೂ ಹುಟ್ಟಿದವನೆಂದು ಪ್ರತೀತಿಯುಂಟು. ಕುಲದ ಹೆಮ್ಮೆಯನ್ನೂ, ಕಪಟ ಗುರುಗಳನ್ನೂ, ಮನಸ್ಸಿಲ್ಲದ ಪೂಜೆಯನ್ನೂ ಅವನು ಯಾರ ಹಂಗೂ ಇಲ್ಲದೆ ಖಂಡಿಸಿದನು. ಬೇಸಾಯ, ಮಳೆ, ಸಾಲ, ಊಟ, ಹೆಂಡತಿ ಮಕ್ಕಳು, ಸಾವು, ಇವೆಲ್ಲವೂ ಅವನ ಪದಗಳಲ್ಲಿ ಬರುತ್ತವೆ. ಕೆಲವು ಪದಗಳಾದರೋ ಒಗಟುಗಳು. ಮೇಲಿನ ಅರ್ಥ ಒಂದು, ಒಳಗಿನ ಅರ್ಥ ಇನ್ನೊಂದು.

ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ಹಾಡುವದು ಸಹ ಈ ತ್ರಿಪದಿಯ ಮಟ್ಟಿನಲ್ಲಿಯೇ. ಆದಕಾರಣ ಓದುಬರಹ ತಿಳಿಯದ ಜನರು ಸಹ ಈ ಪದಗಳನ್ನು ಬಾಯಲ್ಲಿ ಹಿಡಿದಿದ್ದರು. ಆದರೆ ಬಾಯಿಂದ ಬಾಯಿಗೆ ಹೋಗುವ ಪದಕ್ಕೆ ಒಂದು ಕಷ್ಟವುಂಟು. ಒಬ್ಬನು ಒಂದು ಮಾತನ್ನು ಬದಲಿಸುವನು, ಮತ್ತೊಬ್ಬನು ತನ್ನದೇ ಒಂದು ಪದವನ್ನು ಕಟ್ಟಿ ಸರ್ವಜ್ಞನ ಹೆಸರನ್ನು ಕೊನೆಗೆ ಅಂಟಿಸುವನು. ಓಲೆಯಿಂದ ಓಲೆಗೆ ಬರೆಯುವವನ ಕೈ ತಪ್ಪುವದು. ಹೀಗಿರಲಾಗಿ ಯಾವದು ನಿಜವಾದ ಪದ, ಯಾವದು ಬೆರಕೆ ಎಂದು ಹೇಳಬೇಕಾದರೆ ಅನೇಕ ಪ್ರತಿಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಇಟ್ಟು ಸೋಸಬೇಕು.

ಚನ್ನಪ್ಪನವರು ಈ ಕೆಲಸಕ್ಕೆ ಅನೇಕ ವರುಷಗಳನ್ನು ಕೊಟ್ಟರು. ಸಭೆಯ ಕೆಲಸವನ್ನು ಮಾಡುತ್ತಲೇ ಹಸ್ತಪ್ರತಿಗಳನ್ನು ಹುಡುಕಿದರು, ಬಲ್ಲವರ ಬಾಯಿಂದ ಕೇಳಿದರು, ಪಾಠಗಳನ್ನು ಹೋಲಿಸಿದರು. ಸುಮಾರು ಎರಡು ಸಾವಿರ ಪದಗಳನ್ನು ಕೂಡಿಸಿ, ವಿಷಯಗಳಿಗನುಸಾರವಾಗಿ ವಿಂಗಡಿಸಿ, ೧೯೨೪ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡದಾದ, ಅಷ್ಟು ಕ್ರಮವಾದ ಸಂಗ್ರಹವು ಅದಕ್ಕೆ ಮುಂಚೆ ಇರಲಿಲ್ಲ. ಆಮೇಲೆ ಸರ್ವಜ್ಞನ ವಿಷಯವಾಗಿ ಬರೆದವರೆಲ್ಲರೂ ಈ ಗ್ರಂಥದ ಋಣವನ್ನು ಹೊತ್ತವರೇ. ತಿರಿದು ತಂದು ನಾಡಿಗೆ ಬಡಿಸಿದವರೆಂಬ ಭಾವದಿಂದ ಕನ್ನಡಿಗರು ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು. ಸರ್ವಜ್ಞನು ಅನ್ನವನ್ನು ತಿರಿದನು. ಈ ಬೋಧಕರು ಸರ್ವಜ್ಞನನ್ನೇ ತಿರಿದರು.

೪. ಶರಣರ ಅನುಭಾವ

ಸರ್ವಜ್ಞನನ್ನು ಸರಿಯಾಗಿ ತಿಳಿಯಬೇಕಾದರೆ ಅವನ ಹಿಂದಿನವರಾದ ಶಿವಶರಣರನ್ನು ತಿಳಿಯದೆ ತೀರದು. ಹನ್ನೆರಡನೆಯ ಶತಮಾನದಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ, ಚನ್ನಬಸವಣ್ಣ ಮೊದಲಾದವರು ಕಲ್ಯಾಣದಲ್ಲಿ ಕೂಡಿದರು. ಕುಷ್ಟಗಿಯ ಸೀಮೆಯವರಿಗೆ ಬಸವಣ್ಣನವರ ಕೂಡಲಸಂಗಮವು ದೂರವಲ್ಲ. ಯಲಬುರ್ಗೆಯಾದರೋ ಆ ಶತಮಾನದಲ್ಲಿ ಎರಂಬರಗೆಯೆಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿತ್ತು. ಶರಣರ ಮಾರ್ಗವು ಈ ನೆಲದಲ್ಲಿಯೇ ಹರಡಿದ್ದು.

ಈ ಮಾರ್ಗಕ್ಕೆ ಎರಡು ಮುಖಗಳುಂಟು. ಒಂದು ಎಲ್ಲರಿಗೂ ಕಾಣುವದು: ಕುಲಭೇದವನ್ನು ಒಪ್ಪದಿರುವದು, ಕೈಕೆಲಸವನ್ನು ಪೂಜೆಯಂತೆ ಎಣಿಸುವದು, ಗಳಿಸಿದ್ದನ್ನು ಹಂಚಿ ಉಣ್ಣುವದು. ಇನ್ನೊಂದು ಒಳಮುಖ, ಅದೇ ಅನುಭಾವ. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿ ಜೀವಾತ್ಮನು ದೇವರಲ್ಲಿ ಒಂದಾಗುವನೆಂದು ಅವರು ಬೋಧಿಸಿದರು. ಈ ಒಳಗಿನ ಮಾತನ್ನು ಅಲ್ಲಮನಂಥವರು ಬೆಡಗಿನ ವಚನಗಳಲ್ಲಿ ಮುಚ್ಚಿ ಹೇಳಿದರು; ಅರ್ಥವನ್ನು ಬಲ್ಲ ಗುರುವಿಲ್ಲದೆ ಅವು ಬಿಚ್ಚಿಕೊಳ್ಳುವದಿಲ್ಲ. ಕಾಲಕ್ರಮದಲ್ಲಿ ವಚನದ ಓಲೆಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ವಸ್ತ್ರದಲ್ಲಿ ಸುತ್ತಲ್ಪಟ್ಟು ಜಗಲಿಯ ಮೇಲೆ ಉಳಿದವು. ಅವುಗಳಿಗೆ ಪೂಜೆ ಸಲ್ಲಿತು, ಓದುವವರು ಕಡಿಮೆಯಾದರು.

ಈ ಕಟ್ಟುಗಳನ್ನು ಬಿಚ್ಚಿ ನಾಡಿಗೆ ಓದಿಸಿದವರಲ್ಲಿ ಮೊದಲಿಗರು ಬಿಜಾಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ವಚನಶಾಸ್ತ್ರ ಸಾರವು ೧೯೨೩ರಲ್ಲಿ ಹೊರಟಿತು. ಹಳಕಟ್ಟಿಯವರು ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಉತ್ತಂಗಿಯವರು ೧೮೮೧ರಲ್ಲಿ ಅದೇ ಊರಲ್ಲಿ ಹುಟ್ಟಿದವರು. ಒಬ್ಬರ ವಚನ ಸಂಗ್ರಹವೂ ಇನ್ನೊಬ್ಬರ ಸರ್ವಜ್ಞನೂ ಒಂದೇ ವರುಷದ ಅಂತರದಲ್ಲಿ ಬಂದವು. ಒಬ್ಬರು ಲಿಂಗವಂತರು, ಒಬ್ಬರು ಕ್ರೈಸ್ತ ಬೋಧಕರು. ಆದರೂ ಹೂಳಿದ್ದ ಹೊನ್ನನ್ನು ಅಗೆದು ತೆಗೆಯುವ ಕೆಲಸದಲ್ಲಿ ಇಬ್ಬರ ಗುದ್ದಲಿಗಳೂ ಒಂದೇ ನೆಲಕ್ಕೆ ಬಿದ್ದವು.

ಉತ್ತಂಗಿಯವರು ತಮ್ಮ ಪಾಲಿಗೆ ಆರಿಸಿಕೊಂಡ ಶರಣರನ್ನು ನೋಡಿದರೆ ಅವರ ಮನಸ್ಸು ತಿಳಿಯುವದು. ಮೋಳಿಗೆಯ ಮಾರಯ್ಯನ ವಚನಗಳನ್ನೂ ಅವನ ಹೆಂಡತಿಯಾದ ಮಹಾದೇವಿಯ ವಚನಗಳನ್ನೂ ಅವರು ಕೂಡಿಸಿದರು. ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ಸಿಂಹಾಸನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಜೀವಿಸಿದನೆಂದು ಶರಣರ ಕಥೆಗಳು ಹೇಳುತ್ತವೆ. ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನು ೧೯೫೫ರಲ್ಲಿ ಹೊರತಂದರು. ಸಿದ್ಧರಾಮನು ಈಗಿನ ಸೊಲ್ಲಾಪುರದಲ್ಲಿ ಕೆರೆಯನ್ನು ಅಗೆಯಿಸಿ ಗುಡಿಗಳನ್ನು ಕಟ್ಟಿಸಿದ ಯೋಗಿ. ಅಲ್ಲಮನ ಮಾತಿನಿಂದ ಅವನ ದೃಷ್ಟಿಯು ಹೊರಗಿನ ಕಟ್ಟಡದಿಂದ ಒಳಗಿನ ಕಡೆಗೆ ತಿರುಗಿತೆಂದು ಹೇಳುವರು. ಇನ್ನು ಆದಯ್ಯನ ವಚನಗಳನ್ನು ಬೇರೆ ಪಂಡಿತರೊಡನೆ ಸೇರಿ ಸಿದ್ಧಪಡಿಸಿದರು. ಈ ಆದಯ್ಯನು ಸೌರಾಷ್ಟ್ರದಿಂದ ಪುಲಿಗೆರೆಗೆ, ಅಂದರೆ ಈಗಿನ ಲಕ್ಷ್ಮೇಶ್ವರಕ್ಕೆ, ವ್ಯಾಪಾರಕ್ಕಾಗಿ ಬಂದವನು. ಗಂಗಾವತಿಯ ನೆರೆಯಲ್ಲಿರುವ ಹಂಪೆಯ ಹರಿಹರ ಕವಿಯು ಅವನ ಮೇಲೆ ರಗಳೆಯನ್ನು ಬರೆದಿದ್ದಾನೆ.

ಕಟ್ಟಿಗೆ ಮಾರುವವನು, ಕೆರೆ ಅಗೆಯಿಸಿದವನು, ವ್ಯಾಪಾರಿ. ಇವರ ಅನುಭಾವವು ದುಡಿಮೆಯಿಂದ ಬೇರೆಯಾಗಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದ ಒಡೆಯನನ್ನೂ, ಗುಡಾರಗಳನ್ನು ಹೊಲಿದು ಹೊಟ್ಟೆ ಹೊರೆದ ಅಪೊಸ್ತಲನಾದ ಪೌಲನನ್ನೂ ಬಲ್ಲ ಒಬ್ಬ ಬೋಧಕರಿಗೆ ಇಂಥವರು ಹತ್ತಿರದವರಾಗಿ ಕಂಡದ್ದು ಆಶ್ಚರ್ಯವಲ್ಲ.

೫. ಅನುಭವ ಮಂಟಪದ ವಿಚಾರ

ಕಲ್ಯಾಣದಲ್ಲಿ ಶರಣರು ಕೂಡಿ ದೇವರ ವಿಷಯವಾಗಿ ಮಾತಾಡುತ್ತಿದ್ದ ಸ್ಥಳವನ್ನು ಅನುಭವ ಮಂಟಪವೆಂದು ಕರೆಯುವರು. ಅಲ್ಲಮನು ಶೂನ್ಯಸಿಂಹಾಸನದ ಮೇಲೆ ಕೂತಿದ್ದನೆಂದೂ, ಅಂಬಿಗ, ಮಡಿವಾಳ, ಚಮ್ಮಾರ, ಹೆಂಗಸು ಎಂಬ ಭೇದವಿಲ್ಲದೆ ಎಲ್ಲರೂ ಅಲ್ಲಿ ಸೇರಿದರೆಂದೂ ಹೇಳಿಕೆ. ಇದನ್ನು ವಿಸ್ತಾರವಾಗಿ ವರ್ಣಿಸುವದು ಶೂನ್ಯಸಂಪಾದನೆಯೆಂಬ ಗ್ರಂಥ. ಆದರೆ ಆ ಗ್ರಂಥವನ್ನು ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಾದವರು ಕಟ್ಟಿದ್ದು ಹದಿನೈದನೆಯ ಶತಮಾನದಲ್ಲಿ, ಅಂದರೆ ಬಸವಣ್ಣನವರ ಕಾಲಕ್ಕೆ ಸುಮಾರು ಮುನ್ನೂರು ವರುಷಗಳ ತರುವಾಯ. ಆದಕಾರಣ ಇಂಥ ಮಂಟಪವು ನಿಜವಾಗಿ ಇದ್ದಿತೋ, ಇಲ್ಲವೆ ಭಕ್ತರ ಕಲ್ಪನೆಯೋ ಎಂಬ ಸಂಶಯವನ್ನು ಕೆಲವು ವಿದ್ವಾಂಸರು ಎತ್ತಿದರು.

ಉತ್ತಂಗಿಯವರು ಈ ವಾದಕ್ಕೆ ಇಳಿದು, ಅನುಭವ ಮಂಟಪದ ಐತಿಹಾಸಿಕತೆ ಎಂಬ ಗ್ರಂಥವನ್ನು ೧೯೫೧ರಲ್ಲಿ ಪ್ರಕಟಿಸಿ, ಮಂಟಪವು ಚರಿತ್ರೆಗೆ ಸೇರಿದ್ದೇ ಎಂದು ಸಾಧಿಸಲು ಯತ್ನಿಸಿದರು. ಆ ವಿಚಾರದಲ್ಲಿ ಪಂಡಿತರ ಚರ್ಚೆಯು ಅಲ್ಲಿಗೆ ಮುಗಿಯಲಿಲ್ಲ; ಒಪ್ಪಿದವರೂ ಒಪ್ಪ​ದವರೂ ಆಮೇಲೆಯೂ ಇದ್ದಾರೆ. ಆದರೆ ಅವರು ಹಿಡಿದ ಕ್ರಮವನ್ನು ನಾವು ಗಮನಿಸತಕ್ಕದ್ದು. ಭಕ್ತರು ನಂಬಿದ್ದಾರೆ, ಆದಕಾರಣ ನಿಜವೆಂದು ಅವರು ಹೇಳಲಿಲ್ಲ; ತನ್ನ ಧರ್ಮದ್ದಲ್ಲ, ಆದಕಾರಣ ಸುಳ್ಳೆಂದೂ ಹೇಳಲಿಲ್ಲ. ಸಾಕ್ಷಿಯನ್ನು ಹುಡುಕಿ, ಎಲ್ಲರೂ ನೋಡುವ ಹಾಗೆ ಬೆಳಕಿನಲ್ಲಿಟ್ಟರು. ಗೂಢವಾದದ್ದರ ಮೇಲೆ ಅವರಿಗೆ ಪ್ರೀತಿಯಿತ್ತು. ಗೂಢವಾಗಿಯೇ ಉಳಿಯಲಿ ಎಂಬ ಆಶೆಯು ಮಾತ್ರ ಅವರಲ್ಲಿರಲಿಲ್ಲ. ಒಬ್ಬ ಕ್ರೈಸ್ತ ಬೋಧಕರು ಲಿಂಗವಂತರ ಪೂಜ್ಯಸ್ಥಾನದ ಸತ್ಯತೆಗಾಗಿ ವಾದಿಸಿದ್ದನ್ನು ಕಂಡು ನಾಡಿನವರು ಬೆರಗಾದದ್ದುಂಟು. ನೆರೆಯವನ ಮನೆಯ ಸ್ವತ್ತಿಗೆ ಸಾಕ್ಷಿ ಹೇಳುವವನ ಮಾತಿಗೆ ಬೆಲೆ ಹೆಚ್ಚಲ್ಲವೇ?

೬. ಎರಡು ಕಡೆಯ ಸಂಶಯ

ಇಂಥ ಕೆಲಸಕ್ಕೆ ಕೈಯಿಕ್ಕುವವನು ಎರಡು ಬೆಂಕಿಗಳ ನಡುವೆ ನಡೆಯಬೇಕಾಗುವದು. ಸಭೆಯವರು, ಈತನು ನಮ್ಮನ್ನು ಬಿಟ್ಟು ಶರಣನಾಗುವನೋ ಎಂದು ಅಂಜಬಹುದು. ಕಷ್ಟಪಟ್ಟು ಹೊರಗೆ ಬಂದ ಮನೆಯೊಳಕ್ಕೆ ಬೋಧಕನೇ ತಿರುಗಿ ಹೋಗುತ್ತಾನಲ್ಲಾ ಎಂದು ಹೊಸದಾಗಿ ಸಭೆ ಸೇರಿದವರು ನೊಂದುಕೊಳ್ಳಬಹುದು. ನೆರೆಯವರಾದರೋ, ಈತನು ನಮ್ಮ ವಚನಗಳನ್ನು ಗಾಳಕ್ಕೆ ಎರೆಯಾಗಿ ಸಿಕ್ಕಿಸಿ ನಮ್ಮವರನ್ನು ಹಿಡಿಯಲು ಬಂದಿದ್ದಾನೆಂದು ಸಂಶಯಪಡಬಹುದು. ಎರಡೂ ಸಂಶಯಗಳು ಸಹಜವಾದವುಗಳೇ. ಮಲಸಮುದ್ರದ ಕಾಲದಲ್ಲಿ ಗೂಢಗ್ರಂಥವನ್ನು ಸಭೆಗೆ ಏಣಿಯಾಗಿ ಮಾಡಿಕೊಳ್ಳುವ ಆಶೆಯು ಇದ್ದದ್ದೂ ನಿಜವೇ.

ಉತ್ತಂಗಿಯವರು ಈ ಎರಡಕ್ಕೂ ಕೊಟ್ಟ ಉತ್ತರವು ಅವರ ನಡತೆಯೇ. ತಾವು ಯಾರೆಂಬದನ್ನು ಅವರು ಎಂದೂ ಮರೆಮಾಡಲಿಲ್ಲ. ಬೆತ್ಲೆಹೇಮು ಬನಾರಸಿಗೆ ಮಾಡುವ ವಿನಂತಿಯೆಂಬ ಅರ್ಥವುಳ್ಳ ಹೆಸರಿನ ಒಂದು ಗ್ರಂಥವನ್ನು ಅವರು ಬರೆದರು. ಕ್ರಿಸ್ತನ ವಿಷಯವನ್ನು ಹಿಂದೂ ಸಹೋದರರ ಮುಂದೆ ಬಹಿರಂಗವಾಗಿ ಇಟ್ಟ ಬರಹವದು. ಆದರೆ ಹೆಸರಿನಲ್ಲಿರುವ ವಿನಂತಿಯೆಂಬ ಮಾತನ್ನು ನೋಡಿರಿ. ಅಪ್ಪಣೆ ಮಾಡುವವನೂ ಜಗಳವಾಡುವವನೂ ವಿನಂತಿ ಮಾಡುವದಿಲ್ಲ. ಎದುರಿಗಿರುವವನನ್ನು ಗೌರವಿಸುವವನೇ ವಿನಂತಿ ಮಾಡುತ್ತಾನೆ. ಕ್ರಿಸ್ತನ ಮಾತನ್ನು ಹೇಳಬೇಕಾದಾಗ ನೇರವಾಗಿ ಹೇಳಿದರು; ವಚನಗಳನ್ನು ಸಂಪಾದಿಸುವಾಗ ವಚನಕಾರರ ಮಾತೇ ಕೇಳಿಸುವ ಹಾಗೆ ಮಾಡಿದರು. ಒಂದರ ಹೆಸರಿನಲ್ಲಿ ಮತ್ತೊಂದನ್ನು ಮಾರಲಿಲ್ಲ. ಇದರಿಂದಲೇ ನೆರೆಯವರ ಭರವಸೆಯು ಅವರಿಗೆ ದೊರಕಿತು. ಸಭೆಯವರ ಅಂಜಿಕೆಗಾದರೋ ಅವರ ದೀರ್ಘ ಜೀವಮಾನವೇ ಉತ್ತರವಾಯಿತು. ಯಾಕಂದರೆ ಕೊನೆಯ ವರೆಗೂ ಅವರು ರೆವರೆಂಡ್ ಉತ್ತಂಗಿಯವರಾಗಿಯೇ ಉಳಿದರು.

೭. ಕಲಬುರ್ಗಿಯ ಸಮ್ಮೇಳನ

೧೯೪೯ರಲ್ಲಿ ಮೂವತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರ್ಗಿಯಲ್ಲಿ ಕೂಡಿತು. ಅದರ ಅಧ್ಯಕ್ಷ ಪೀಠಕ್ಕೆ ನಾಡಿನವರು ಈ ಬೋಧಕರನ್ನು ಆರಿಸಿದರು. ಆ ಗೌರವದ ತೂಕವು ನಮ್ಮ ಸೀಮೆಯವರಿಗೆ ಹೆಚ್ಚಾಗಿ ತಿಳಿಯಬೇಕು. ಯಾಕಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವೆಲ್ಲವೂ ಆಗ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಸೀಮೆಗಳು ಸಾಲಾರ್‌ಜಂಗರ ಜಹಗೀರಿಯಾಗಿದ್ದವು. ಕಚೇರಿಯಲ್ಲಿಯೂ ಮೇಲಿನ ಶಾಲೆಗಳಲ್ಲಿಯೂ ಉರ್ದುವೇ ನಡೆಯುತ್ತಿತ್ತು; ಕನ್ನಡವು ಮನೆಯ ಮತ್ತು ಹೊಲದ ಮಾತಾಗಿ ಉಳಿದಿತ್ತು. ೧೯೪೭-೪೮ರಲ್ಲಿ ಗಡಿಯ ಆಚೆಯ ಮುಂಡರಗಿ ಮೊದಲಾದ ಕಡೆಗಳಲ್ಲಿ ಶಿಬಿರಗಳನ್ನು ಹಾಕಿಕೊಂಡು ಅನೇಕರು ಹೋರಾಡಿದರು. ೧೯೪೮ನೇ ಸೆಪ್ಟೆಂಬರ್ ತಿಂಗಳಲ್ಲಿ ಸಂಸ್ಥಾನವು ಭಾರತದೊಳಗೆ ಸೇರಿತು.

ಆ ಗಾಯಗಳು ಇನ್ನೂ ಹಸಿಯಾಗಿದ್ದ ಮರುವರುಷದಲ್ಲಿ, ಅದೇ ಸಂಸ್ಥಾನದ ಕನ್ನಡ ನಗರದಲ್ಲಿ, ಕನ್ನಡಿಗರು ಕೂಡಿದಾಗ, ಅವರ ಮುಂದೆ ನಿಂತವರು ಒಬ್ಬ ಕ್ರೈಸ್ತ ಬೋಧಕರು. ಧರ್ಮದ ಹೆಸರಿನಲ್ಲಿ ನೆರೆಯವರು ನೆರೆಯವರನ್ನು ಕೊಂದ ದಿವಸಗಳ ಬೆನ್ನಿಗೇ, ಒಂದು ಧರ್ಮದವರಾಗಿದ್ದು ಮತ್ತೊಂದು ಧರ್ಮದ ಒಡವೆಯನ್ನು ಕಾಪಾಡಿಕೊಟ್ಟ ಮನುಷ್ಯನಿಗೆ ಹಿರಿಯ ಆಸನವು ದೊರೆಯಿತು. ಮುಂದೆ ೧೯೫೬ನೇ ನವೆಂಬರ್ ೧ರಂದು ಈ ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಯಚೂರು ಜಿಲ್ಲೆಯಲ್ಲಿದ್ದ ಈ ನಾಲ್ಕು ತಾಲೂಕುಗಳೇ ೧೯೯೭ರಲ್ಲಿ ಕೊಪ್ಪಳವೆಂಬ ಬೇರೆ ಜಿಲ್ಲೆಯಾದವು. ಕನ್ನಡನಾಡು ಒಂದಾದದ್ದನ್ನು ಉತ್ತಂಗಿಯವರು ತಮ್ಮ ಕಣ್ಣುಗಳಿಂದ ಕಂಡರು.

೮. ಕಡೆಯ ದಿನಗಳು, ಮತ್ತು ನಮಗೆ ಉಳಿದ ಪಾಠ

ಅವರು ೧೯೬೨ರಲ್ಲಿ, ಎಂಬತ್ತು ವರುಷದ ಪ್ರಾಯದಲ್ಲಿ, ತೀರಿಹೋದರು. ಎರಡು ವರುಷಗಳ ತರುವಾಯ, ೧೯೬೪ರಲ್ಲಿ, ಹಳಕಟ್ಟಿಯವರೂ ಕಾಲವಾದರು. ಇಬ್ಬರೂ ಕೂಡಿಟ್ಟದ್ದು ಈಗ ಎಲ್ಲಾ ಕನ್ನಡಿಗರ ಸ್ವತ್ತಾಗಿದೆ.

ವಾಚಕರೇ, ಗೂಢವಾದ ಧರ್ಮಮಾರ್ಗಗಳ ಸೆಳೆತವು ನಮ್ಮ ಹಳ್ಳಿಗಳಿಂದ ಹೋಗಿಲ್ಲ. ಗುಟ್ಟಾಗಿ ಬೋಧಿಸುವವರೂ, ತಮಗೆ ಮಾತ್ರ ದರ್ಶನವಾಯಿತೆಂದು ಹೇಳುವವರೂ ಎಲ್ಲಾ ಧರ್ಮಗಳಲ್ಲಿಯೂ ಉಂಟು, ಕ್ರೈಸ್ತರಲ್ಲಿಯೂ ಉಂಟು. ಅಂಥವರ ಮಾತು ಕಿವಿಗೆ ಬಿದ್ದಾಗ ಈ ಬೋಧಕರ ಜೀವಿತದಿಂದ ಮೂರು ಒರೆಗಲ್ಲುಗಳನ್ನು ನಾವು ತೆಗೆದುಕೊಳ್ಳಬಹುದು. ಮೊದಲನೆಯದು, ಹೇಳಿದ್ದನ್ನು ಹಗಲಿನಲ್ಲಿ, ಎಲ್ಲರ ಮುಂದೆ, ತಿಳಿಯುವ ಕನ್ನಡದಲ್ಲಿ ಹೇಳಬಲ್ಲರೋ? ಎರಡನೆಯದು, ಸಾಕ್ಷಿಯನ್ನು ಕೇಳಿದರೆ ಸಿಟ್ಟಾಗುತ್ತಾರೋ, ತೋರಿಸುತ್ತಾರೋ? ಮೂರನೆಯದು, ಆ ಅನುಭಾವದಿಂದ ಅವರ ಕೈ ದುಡಿಮೆಗೂ ಮನಸ್ಸು ನೆರೆಯವನ ಪ್ರೀತಿಗೂ ಹತ್ತಿರವಾಯಿತೋ, ದೂರವಾಯಿತೋ? ಈ ಮೂರರಲ್ಲಿ ನಿಂತದ್ದನ್ನು, ಅದು ಯಾರ ಮನೆಯದಾದರೂ, ಗೌರವಿಸಲಿಕ್ಕೆ ಅಂಜಬೇಕಾಗಿಲ್ಲ. ಇವುಗಳಲ್ಲಿ ಬಿದ್ದುಹೋದದ್ದನ್ನು, ಅದು ನಮ್ಮ ಮನೆಯದೇ ಆದರೂ, ಬಿಡಲಿಕ್ಕೆ ಹಿಂಜರಿಯಬಾರದು.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಹಿರಿಯರು ಇನ್ನೂ ಇದ್ದಾರೆ. ಬೀಸುವ ಪದ, ಸೋಬಾನೆಯ ಪದ, ಸರ್ವಜ್ಞನ ಪದ, ತತ್ವಪದ, ಇವುಗಳಲ್ಲಿ ಒಂದೆರಡಾದರೂ ಅವರ ನೆನಪಿನಲ್ಲಿರುವವು. ಓದು ಬಲ್ಲ ಮಕ್ಕಳು ಅವರ ಬಳಿಯಲ್ಲಿ ಕೂತು, ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಲಿ. ಯಾವ ಊರಲ್ಲಿ, ಯಾರು ಹಾಡಿದರು, ಯಾವ ವರುಷದಲ್ಲಿ ಎಂಬದನ್ನೂ ಬರೆಯಲಿ. ಉತ್ತಂಗಿಯವರು ಎರಡು ಸಾವಿರ ಪದಗಳನ್ನು ಕೂಡಿಸಿದ್ದು ಹೀಗೆಯೇ, ಒಂದೊಂದಾಗಿ.